ಲೋಹಶೋಧಕವೂ ತೇವವೂ

ಭೂಮಿಯೊಳಗೆ ಅಡಗಿರುವ ಲೋಹವನ್ನು ಅಗೆಯದೆಯೇ ತಿಳಿಯಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ಹಿಂದೆ ಅಂಜನ ಹಾಕಿ ನೋಡುವವರಿದ್ದರು. ಇಂದು ಆ ಕೆಲಸಕ್ಕೆ ಲೋಹಶೋಧಕವೆಂಬ ಯಂತ್ರವುಂಟು. ಇವೆರಡಕ್ಕೂ ಭೇದವೇನು? ಯಂತ್ರವು ತಪ್ಪು ನುಡಿದರೆ ಕಾರಣವನ್ನು ಹುಡುಕಿ ತಿದ್ದಬಹುದು. ಈ ತಿದ್ದುಗೆಯ ಚರಿತ್ರೆಯನ್ನೇ ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ಬೆಂಗಳೂರಿನ ದಕ್ಷಿಣದಲ್ಲಿ, ಉತ್ತರಹಳ್ಳಿಗೆ ಸಮೀಪವಾದ ಸುಬ್ರಹ್ಮಣ್ಯಪುರದಲ್ಲಿ ನಮ್ಮ ಮನೆ. ಅಂಗಳದಲ್ಲಿ ಹೂತುಹೋಗಿದ್ದ ನೀರಿನ ಕೊಳವೆಯ ಕಬ್ಬಿಣದ ಮುಚ್ಚಳವನ್ನು ಹುಡುಕಲು, ಮಳೆಗಾಲವೆಲ್ಲ ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಲೋಹಶೋಧಕವೊಂದನ್ನು ಹೊರತೆಗೆದೆವು. ಅದು ಕೂಗಿದ ಮೂರು ಕಡೆ ಅಗೆಸಿದೆವು. ಮಣ್ಣಲ್ಲದೆ ಬೇರೇನೂ ದೊರೆಯಲಿಲ್ಲ. ಕಡೆಗೆ ಗಾಳಿಯಲ್ಲಿ ಎತ್ತಿ ಹಿಡಿದರೂ ಅದು ಕೂಗತೊಡಗಿತು. ದೋಷವು ನೆಲದ್ದಲ್ಲ, ಯಂತ್ರದ್ದೆಂದು ಆಗ ಮನದಟ್ಟಾಯಿತು.

ಈ ಯಂತ್ರದ ತತ್ತ್ವ ಸರಳವಾದುದು. ತಂತಿಯ ಸುರುಳಿಯಲ್ಲಿ ಅತ್ತಿತ್ತ ಹರಿಯುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರವನ್ನುಂಟುಮಾಡುತ್ತದೆ. ಲೋಹವು ಅದರ ನಡುವೆ ಬಂದರೆ ಕ್ಷೇತ್ರವು ಕದಡುತ್ತದೆ. 1879ರಲ್ಲಿ ಡೇವಿಡ್ ಹ್ಯೂಸ್ ಎಂಬ ವಿದ್ವಾಂಸನು ಈ ಕದಡುವಿಕೆಯನ್ನು ಕಿವಿಯಿಂದ ಕೇಳುವ ತಕ್ಕಡಿಯೊಂದನ್ನು ರಚಿಸಿದನು. ಎರಡು ವರ್ಷಗಳ ತರುವಾಯ ಅಮೆರಿಕದ ಅಧ್ಯಕ್ಷನಾದ ಗಾರ್ಫೀಲ್ಡನಿಗೆ ಗುಂಡೇಟು ತಗಲಿದಾಗ, ಟೆಲಿಫೋನಿನ ನಿರ್ಮಾತೃವಾದ ಗ್ರಹಾಂ ಬೆಲ್ಲನು ಅಂತಹುದೇ ಉಪಕರಣವನ್ನು ಹಿಡಿದು ರೋಗಿಯ ಬಳಿಗೆ ಹೋದನು. ಮೊದಲ ದಿನ ಕಂಡೆನ್ಸರಿನ ಜೋಡಣೆಯಲ್ಲಿ ತಪ್ಪಾಗಿತ್ತು. ಎರಡನೆಯ ಸಲ ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಭ್ರಮೆಯನ್ನುಂಟುಮಾಡಿದುವೆಂದು ಹೇಳುತ್ತಾರೆ. ಗುಂಡು ದೊರೆಯಲಿಲ್ಲ; 1881ನೆಯ ಸೆಪ್ಟೆಂಬರ್ 19ರಂದು ಅಧ್ಯಕ್ಷನು ತೀರಿಕೊಂಡನು. ತತ್ತ್ವವು ಸತ್ಯವಾಗಿದ್ದ ಮಾತ್ರಕ್ಕೆ ಯಂತ್ರವು ಸತ್ಯವನ್ನು ನುಡಿಯದೆಂಬ ಪಾಠವನ್ನು ಈ ಘಟನೆ ಕಲಿಸಿತು.

ಎರಡನೆಯ ಮಹಾಯುದ್ಧದಲ್ಲಿ ಈ ಪಾಠದ ಬೆಲೆ ಇನ್ನೂ ಹೆಚ್ಚಿತು. ಪೋಲೆಂಡಿನ ಯೂಝೆಫ್ ಕೊಸಾಟ್ಸ್ಕಿ ಎಂಬ ಸೇನಾಧಿಕಾರಿ ಸ್ಕಾಟ್‌ಲೆಂಡಿನಲ್ಲಿದ್ದುಕೊಂಡು ರೂಪಿಸಿದ ನೆಲಸಿಡಿಶೋಧಕವು 1942ರಲ್ಲಿ ಎಲ್ ಅಲಮೈನಿನ ಮರಳುಗಾಡಿನಲ್ಲಿ ಸೈನ್ಯಕ್ಕೆ ದಾರಿ ಮಾಡಿಕೊಟ್ಟಿತು. ಅಲ್ಲಿ ಯಂತ್ರವು ಮೌನವಾಗಿದ್ದರೆ ಸೈನಿಕನು ಹೆಜ್ಜೆಯಿಡುವನು. ಆ ಮೌನ ಸುಳ್ಳಾದರೆ ಅದೇ ಕೊನೆಯ ಹೆಜ್ಜೆ. ಮರಳುಗಾಡು ಒಣಭೂಮಿಯಾಯಿತು, ಬರ್ಮಾ ಮತ್ತು ಪೆಸಿಫಿಕ್ ದ್ವೀಪಗಳ ಕಾಡುಗಳಲ್ಲಿ ತೇವವೂ ಬೂಷ್ಟೂ ರೇಡಿಯೋ ಮೊದಲಾದ ಉಪಕರಣಗಳನ್ನು ಕೆಡಿಸಿದುವು. ಆಗ ಅವುಗಳಿಗೆ ಬೂಷ್ಟುನಾಶಕ ಬೆರೆಸಿದ ಮೆರುಗೆಣ್ಣೆಯನ್ನು ಬಳಿಯುವುದು ಒಂದು ಶಾಸ್ತ್ರವೇ ಆಗಿ ಬೆಳೆಯಿತು.

ತೇವವು ಮಾಡುವ ಕೇಡಾದರೂ ಎಂತಹುದು? ಒಂದು ಬಗೆಯ ಶೋಧಕದಲ್ಲಿ ಸೆಕೆಂಡಿಗೆ 1,00,000 ಸಲ ಆಂದೋಲಿಸುವ ಎರಡು ಮಂಡಲಗಳ ಅಂತರವನ್ನೇ ನಾವು ನಾದವಾಗಿ ಕೇಳುತ್ತೇವೆ. ತೇವದ ಸೂಕ್ಷ್ಮವಾದ ಪೊರೆಯಿಂದ ಒಂದರಲ್ಲಿ ಸಾವಿರದಲ್ಲೊಂದು ಪಾಲು ವ್ಯತ್ಯಾಸವಾದರೂ 100 ಆಂದೋಲನಗಳ ಅಂತರವಾಗಿ, ಇಲ್ಲದ ಲೋಹ ಇದ್ದಂತೆ ಕೇಳಿಸುವುದು.

ತೇವವನ್ನು ತಡೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಕುಶಲಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ, ಬೊಂಬೆಗೆ ಬಣ್ಣವನ್ನೂ ರಕ್ಷಣೆಯನ್ನೂ ಏಕಕಾಲದಲ್ಲಿ ಕೊಡುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿತವಾಯಿತು. ಮತದಾರರ ಬೆರಳಿಗೆ ಹಚ್ಚುವ ಶಾಯಿಯಿಂದ ಅದು ಮುಂದೆ ಪ್ರಸಿದ್ಧವಾಯಿತು. ಮದ್ಯಸಾರದಲ್ಲಿ ಕರಗಿಸಿದ ಅರಗೇ ಬಹುಕಾಲ ವಿದ್ಯುತ್ ಸುರುಳಿಗಳ ಕವಚವಾಗಿತ್ತು. ಆದರೆ ಅದು ತಾನೂ ತುಸು ತೇವವನ್ನು ಹೀರುವುದರಿಂದ, ಈಗ ಅಕ್ರಿಲಿಕ್ ಮೊದಲಾದ ಮೆರುಗೆಣ್ಣೆಗಳು ಅದರ ಸ್ಥಾನಕ್ಕೆ ಬಂದಿವೆ.

ನಮ್ಮ ಯಂತ್ರಕ್ಕೆ ಮಾಡಿದ ಚಿಕಿತ್ಸೆಯನ್ನೂ ಹೇಳುವೆವು. ಮೊದಲು ಬ್ಯಾಟರಿಗಳನ್ನು ತೆಗೆದೆವು. ಒಳಗೆ ತಾಮ್ರದ ಗೆರೆಗಳ ಮೇಲೆ ಹಸುರು ಕಿಲುಬು, ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಪುಡಿ. ಆ ಪುಡಿ ಕ್ಷಾರವಾದುದರಿಂದ ತೊಟ್ಟು ನಿಂಬೆರಸದಿಂದ ಶಮನಗೊಳಿಸಿ ಒರಸಿದೆವು. ಕಿಲುಬನ್ನು ಐಸೊಪ್ರೊಪೈಲ್ ಮದ್ಯಸಾರದಲ್ಲಿ ಅದ್ದಿದ ಮೆತ್ತನೆಯ ಕುಂಚದಿಂದ ತೊಳೆದೆವು. ಸಡಿಲವಾದ ಬೆಸುಗೆಗಳನ್ನು ಮತ್ತೆ ಹಾಕಿ, ಬೆಚ್ಚಗಿನ ಸ್ಥಳದಲ್ಲಿ ಎರಡು ದಿನ ಒಣಗಿಸಿದೆವು. ಇಲ್ಲಿ ಅವಸರ ಸಲ್ಲದು: ಹಸಿಯ ಮೇಲೆ ಬಳಿದ ಮೆರುಗೆಣ್ಣೆ ತೇವವನ್ನು ಹೊರಗಿಡುವುದಕ್ಕೆ ಬದಲಾಗಿ ಒಳಗೇ ಸೆರೆಹಿಡಿಯುತ್ತದೆ. ಬಳಿಯುವಾಗ ಗುಂಡಿಗಳನ್ನೂ ಬ್ಯಾಟರಿಯ ತುದಿಗಳನ್ನೂ ಬಿಡಬೇಕು. ಇಲ್ಲವಾದರೆ ವಿದ್ಯುತ್ತಿಗೇ ಬಾಗಿಲು ಮುಚ್ಚಿದಂತಾದೀತು. ಪೆಟ್ಟಿಗೆಯ ಸಂದುಗಳಿಗೆ ಹುಳಿವಾಸನೆಯ ಸಿಲಿಕೋನನ್ನು ಹಾಕಲಾಗದು. ಅದರ ಆಮ್ಲವೇ ತಾಮ್ರವನ್ನು ತಿನ್ನುವುದು. ಒಳಗೊಂದು ಸಿಲಿಕಾ ಜೆಲ್ಲಿನ ಚೀಲವನ್ನಿಟ್ಟು ಮುಚ್ಚಿದೆವು.

ಮನೆಯಲ್ಲಿ ಮಾಡುವ ಕೆಲಸವೆಂದು ಇದನ್ನು ಕಡೆಗಣಿಸಲಾಗದು. ಮೈಸೂರಿನ ಆಕಾಶವಾಣಿಯೇ 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ, 30 ವಾಟಿನ ಪ್ರಸಾರಯಂತ್ರದಿಂದ ಆರಂಭವಾಯಿತಷ್ಟೆ.

ಮರುದಿನ ಯಂತ್ರವು ಗಾಳಿಯಲ್ಲಿ ಮೌನವಾಗಿತ್ತು. ತುಳಸೀಕಟ್ಟೆಯ ಪಕ್ಕದಲ್ಲಿ ಮಾತ್ರ ಕೂಗಿತು. ಗೇಣುದ್ದ ಅಗೆಯುವಷ್ಟರಲ್ಲಿ ಮುಚ್ಚಳ ದೊರೆಯಿತು. ಲೋಹವನ್ನು ಕಾಣುವ ಯಂತ್ರವನ್ನು ರಚಿಸಿದವರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಅದನ್ನು ಒಣಗಿಸಿ, ಬಳಿದು, ನಂಬಿಕೆಗೆ ಅರ್ಹವಾಗಿಸಿದವರ ಹೆಸರು ಉಳಿದಿಲ್ಲ. ಆದರೂ ಯಂತ್ರವು ಸುಮ್ಮನಿದೆಯೆಂದು ನಂಬಿ ಹೆಜ್ಜೆಯಿಟ್ಟವನ ಪ್ರಾಣವು ಈ ಇಬ್ಬರ ಕೈಯಲ್ಲಿಯೂ ಸಮವಾಗಿಯೇ ಇದ್ದಿತು.