ಉತ್ತರಮೇರೂರಿನ ಶಾಸನಗಳಲ್ಲಿ ಲೆಕ್ಕದ ಹೊಣೆ

ಊರಿನ ಹಣಕ್ಕೆ ಹೊಣೆಯಾದವನು ಅದರ ಲೆಕ್ಕವನ್ನು ಒಪ್ಪಿಸದೆ ಹೋದರೆ ಮಾಡತಕ್ಕುದೇನು ಎಂಬ ಪ್ರಶ್ನೆ ಈಚಿನದಲ್ಲ. ಕಾಂಚೀಪುರದ ಸಮೀಪದ ಉತ್ತರಮೇರೂರಿನಲ್ಲಿ, ಚೋಳದೊರೆ ಒಂದನೆಯ ಪರಾಂತಕನ ಆಳ್ವಿಕೆಯ 12 ಮತ್ತು 14ನೆಯ ವರ್ಷಗಳಲ್ಲಿ, ಎಂದರೆ ಸುಮಾರು ಕ್ರಿ.ಶ. 919 ಮತ್ತು 921ರಲ್ಲಿ, ಹುಟ್ಟಿದ ಎರಡು ಶಾಸನಗಳು ಇದನ್ನು ನೇರವಾಗಿ ಎದುರಿಸುತ್ತವೆ.

ಇವು ಪ್ರಸಿದ್ಧವಾಗಿರುವುದು ಚುನಾವಣೆಯ ಕ್ರಮಕ್ಕಾಗಿ. 30 ಕುಡುಂಬುಗಳಿಂದ ಬಂದ ಹೆಸರಿನ ಓಲೆಗಳನ್ನು ಕೊಡದಲ್ಲಿ ಹಾಕಿ, ಮಹಾಸಭೆಯ ಎದುರಿನಲ್ಲಿ ಏನನ್ನೂ ಅರಿಯದ ಬಾಲಕನಿಂದ ಎತ್ತಿಸುತ್ತಿದ್ದರು. ಮಧ್ಯಸ್ಥನು ಐದು ಬೆರಳುಗಳನ್ನೂ ಬಿಡಿಸಿ ಅಂಗೈಯಲ್ಲಿ ಓಲೆಯನ್ನು ಪಡೆಯಬೇಕಾಗಿತ್ತು. ಹೀಗೆ ಆಯ್ಕೆಯಾದವರು ತೋಟ, ಕೆರೆ, ಚಿನ್ನ ಮೊದಲಾದ ವಾರಿಯಗಳಲ್ಲಿ 360 ದಿನ ಕೆಲಸ ಮಾಡುತ್ತಿದ್ದರು.

ಆದರೆ ನಮಗೆ ಹೆಚ್ಚು ಗಮನಾರ್ಹವಾದುದು ಅನರ್ಹತೆಯ ವಿಧಿ. ಹಿಂದೆ ವಾರಿಯದಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೆ ಬೀಳಕೂಡದು. ಅವನ ತಂದೆ, ಮಗ, ಸೋದರ, ಮಾವ, ಅಳಿಯ ಮೊದಲಾದ ಬಂಧುಗಳ ಹೆಸರೂ ಬೀಳಕೂಡದು. ಕಳೆದ ಮೂರು ವರ್ಷಗಳಲ್ಲಿ ವಾರಿಯದಲ್ಲಿದ್ದವನಿಗೂ ಅವಕಾಶವಿಲ್ಲ. ಕರಣಿಕನಿಗೂ ಇಂತಹುದೇ ಕಟ್ಟು: ತಾನು ಬರೆದ ಲೆಕ್ಕವನ್ನು ತಾನೇ ಒಪ್ಪಿಸಿ, ಶುದ್ಧನೆನಿಸಿಕೊಂಡ ಹೊರತು ಮರುನೇಮಕವಿಲ್ಲ, ಅವನ ಲೆಕ್ಕವನ್ನು ಮುಗಿಸಲು ಬೇರೊಬ್ಬ ಕರಣಿಕನು ಪ್ರವೇಶಿಸುವಂತಿಲ್ಲ.

ಇಲ್ಲಿ ಕಳವು ಸಿದ್ಧವಾಗುವವರೆಗೆ ಸಭೆ ಕಾಯುವುದಿಲ್ಲ. ಲೆಕ್ಕ ಬಾರದಿರುವುದೇ ದೋಷ. ಬಂಧುಗಳನ್ನು ಮುಂದಿಟ್ಟು ಅಧಿಕಾರವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವ ದಾರಿಯೂ ಮುಚ್ಚಿತು. ಆದರೂ ನಿರಪರಾಧಿಯಾದ ಅಳಿಯನು ಮಾವನ ತಪ್ಪಿಗೆ ದಂಡ ತೆರುವುದು ನ್ಯಾಯವೆನ್ನಲಾಗದು. ಈ ಸಭೆ ಭೂಮಿಯುಳ್ಳ ಬ್ರಾಹ್ಮಣರದಾಗಿತ್ತು. ಊರಿನ ಉಳಿದ ಜನ ಅಲ್ಲಿ ಲೆಕ್ಕ ಕೇಳುವ ಸ್ಥಾನದಲ್ಲಿರಲಿಲ್ಲ. ಮೇಲಾಗಿ ಶಾಸನವು ನಿಯಮಕ್ಕೆ ಸಾಕ್ಷಿಯೇ ಹೊರತು ಅದರ ಪಾಲನೆಗಲ್ಲ. ಎರಡೇ ವರ್ಷಗಳಲ್ಲಿ ನಿಯಮಗಳನ್ನು ತಿದ್ದಿ ಮತ್ತೆ ಕಂಡರಿಸಬೇಕಾಯಿತೆಂಬುದರಿಂದ ಮೊದಲ ಏರ್ಪಾಡು ಸಾಲದಾಯಿತೆಂದು ಊಹಿಸಬಹುದು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳ ಲೆಕ್ಕಪತ್ರ ಹಾಗೂ ಲೆಕ್ಕಪರಿಶೋಧನೆಯ ವಿಧಿಗಳನ್ನು ರೂಪಿಸುವ ಕಾರ್ಯವನ್ನು ರಾಜ್ಯ ವಿಧಾನಮಂಡಲಗಳಿಗೆ ಬಿಟ್ಟಿದೆ. ಮತದ ಹಕ್ಕು ಇಂದು ಎಲ್ಲರದು. ಈ ವಿಷಯದಲ್ಲಿ ನಾವು ಉತ್ತರಮೇರೂರನ್ನು ಬಹುದೂರ ಮೀರಿದ್ದೇವೆ. ಆದರೆ ಲೆಕ್ಕ ಕೊಡದವನು ಮರಳಿ ಬರಕೂಡದೆಂಬ ಅದರ ಸರಳ ನಿಶ್ಚಯವನ್ನು ಮೀರಿದ್ದೇವೆಯೆ ಎಂಬುದು ವಿಚಾರಾರ್ಹ. ವ್ಯಕ್ತಿಯ ಶೀಲವನ್ನು ನಂಬಿದರೂ ಲೆಕ್ಕವನ್ನು ಕೇಳದೆ ಬಿಡಲಾಗದೆಂಬುದೇ ಆ ಕಲ್ಲಿನ ಬರಹದ ತಿರುಳು.