ಪ್ರವೇಶ ನಿಯಂತ್ರಣದಲ್ಲಿ ಭದ್ರತಾ ಇಂಟರ್‌ಸೆಪ್ಟರ್: ಕಾರ್ಯವಿಧಾನ ಮತ್ತು ಮಿತಿ

ಬಳಕೆದಾರನಿಗೆ ಅಧಿಕಾರವಿದೆಯೇ ಎಂಬ ತಪಾಸಣೆಯನ್ನು ತಂತ್ರಾಂಶದ ಪ್ರತಿ ಮೆಥಡ್‌ನೊಳಗೂ ಬರೆಯುತ್ತ ಹೋದರೆ ಒಂದಲ್ಲ ಒಂದು ಕಡೆ ಅದು ಬಿಟ್ಟುಹೋಗುತ್ತದೆ. ಈ ತಪಾಸಣೆಯನ್ನು ವ್ಯವಹಾರದ ಕೋಡ್‌ನಿಂದ ಹೊರತೆಗೆದು, ಕರೆ ಗುರಿ ಮುಟ್ಟುವ ಮೊದಲೇ ತಡೆದು ಪರಿಶೀಲಿಸುವ ಘಟಕವೇ ಭದ್ರತಾ ಇಂಟರ್‌ಸೆಪ್ಟರ್. ಇದರ ಬೇರು ಅಮೆರಿಕದ ವಾಯುಪಡೆಗಾಗಿ 1972ರಲ್ಲಿ ಸಿದ್ಧವಾದ ಜೇಮ್ಸ್ ಆಂಡರ್ಸನ್ ವರದಿಯ ‘ರೆಫರೆನ್ಸ್ ಮಾನಿಟರ್’ ಕಲ್ಪನೆಯಲ್ಲಿದೆ. ಕಾವಲು ಘಟಕವನ್ನು ಯಾರೂ ತಿದ್ದುವಂತಿರಬಾರದು, ಪ್ರತಿ ಪ್ರವೇಶವೂ ಅದರ ಮೂಲಕವೇ ಹಾಯಬೇಕು, ಪೂರ್ತಿ ಪರೀಕ್ಷಿಸಿ ನೋಡುವಷ್ಟು ಅದು ಚಿಕ್ಕದಾಗಿರಬೇಕು ಎಂಬುವು ಅಲ್ಲಿನ ಮೂರು ಷರತ್ತುಗಳು. ಎರಡನೆಯ ಷರತ್ತನ್ನು ಈಡೇರಿಸುವುದೇ ಎಲ್ಲಕ್ಕಿಂತ ಕಷ್ಟ.

ಜಾವಾ ಲೋಕದ ಸ್ಪ್ರಿಂಗ್ ಸೆಕ್ಯುರಿಟಿ ಇದಕ್ಕೆ ಒಳ್ಳೆಯ ಉದಾಹರಣೆ. 2003ರಲ್ಲಿ ಬೆನ್ ಅಲೆಕ್ಸ್ ಆರಂಭಿಸಿದ ಅಸೀಜಿ ಯೋಜನೆಯೇ ಮುಂದೆ ಈ ಹೆಸರು ಪಡೆಯಿತು. ಅದರ ಮೂಲ ವಿನ್ಯಾಸದಲ್ಲಿ ಒಂದು ಇಂಟರ್‌ಸೆಪ್ಟರ್ ವೆಬ್ ಕೋರಿಕೆಯನ್ನೂ ಇನ್ನೊಂದು ಮೆಥಡ್ ಕರೆಯನ್ನೂ ಕಾಯುತ್ತಿತ್ತು. ತೀರ್ಪನ್ನು ಮಾತ್ರ ಇಂಟರ್‌ಸೆಪ್ಟರ್ ತಾನೇ ಕೊಡುತ್ತಿರಲಿಲ್ಲ. ‘ಮತದಾರ’ ಘಟಕಗಳ ಅಭಿಪ್ರಾಯ ಕೇಳಿ ನಿರ್ಧರಿಸುವ ಬೇರೊಂದು ಘಟಕಕ್ಕೆ ಒಪ್ಪಿಸುತ್ತಿತ್ತು. ಒಂದು ಒಪ್ಪಿಗೆ ಸಾಕೇ, ಬಹುಮತ ಬೇಕೇ, ಒಂದೂ ವಿರೋಧವಿರಬಾರದೇ ಎಂಬುದನ್ನು ವಿನ್ಯಾಸಕಾರ ಆರಿಸಿಕೊಳ್ಳಬಹುದಿತ್ತು. ಅನುಮತಿ ಸಿಗದಿದ್ದರೆ ಎಕ್ಸೆಪ್ಶನ್ ಹೊಮ್ಮುತ್ತದೆ: ಲಾಗಿನ್ ಆಗದವನು ಲಾಗಿನ್ ಪುಟಕ್ಕೆ, ಲಾಗಿನ್ ಆಗಿಯೂ ಅಧಿಕಾರವಿಲ್ಲದವನು 403 ಉತ್ತರಕ್ಕೆ.

ತನ್ನ ದಾರಿಯಲ್ಲಿ ಬಾರದ ಕರೆಯನ್ನು ಇಂಟರ್‌ಸೆಪ್ಟರ್ ತಡೆಯಲಾರದು. ಮೆಥಡ್ ಕಾವಲು ಸಾಮಾನ್ಯವಾಗಿ ಪ್ರಾಕ್ಸಿಯ, ಅಂದರೆ ಆಬ್ಜೆಕ್ಟ್‌ನ ಮುಂದೆ ನಿಂತು ಹೊರಗಿನ ಕರೆಯನ್ನು ಮೊದಲು ಪಡೆಯುವ ಮಧ್ಯವರ್ತಿಯ, ಮೂಲಕ ನಡೆಯುತ್ತದೆ. ‘ಹಣ ವರ್ಗಾಯಿಸು’ ಎಂಬ ಮೆಥಡ್‌ಗೆ ಮ್ಯಾನೇಜರ್ ಅಧಿಕಾರ ಬೇಕೆಂದು ಗುರುತು ಹಾಕಿದ್ದರೂ, ಅದೇ ಆಬ್ಜೆಕ್ಟ್‌ನ ಇನ್ನೊಂದು ಮೆಥಡ್ ಅದನ್ನು ಒಳಗಿನಿಂದಲೇ ಕರೆದರೆ ಪ್ರಾಕ್ಸಿ ನಡುವೆ ಬರುವುದೇ ಇಲ್ಲ. ತಪಾಸಣೆಯಿಲ್ಲದೆ ಹಣ ಹೋಗುತ್ತದೆ. ಕೋಡ್ ಓದುವವರಿಗೋ ಎಲ್ಲವೂ ಭದ್ರವಾಗಿ ಕಾಣುತ್ತದೆ. ವೆಬ್ ಪದರದಲ್ಲಿ ತೊಡಕು ಬೇರೆ ಬಗೆಯದು: ವಿಳಾಸವನ್ನು ಭದ್ರತಾ ಪದರ ಒಂದು ರೀತಿ, ಒಳಗಿನ ಫ್ರೇಮ್‌ವರ್ಕ್ ಇನ್ನೊಂದು ರೀತಿ ಅರ್ಥಮಾಡಿಕೊಂಡರೆ ನಿಯಮ ತಪ್ಪಿಹೋಗುತ್ತದೆ. 2016ರಲ್ಲಿ ಸ್ಪ್ರಿಂಗ್‌ನಲ್ಲೇ ಇಂಥ ದೋಷ ಬಯಲಾಯಿತು.

ಇನ್ನೊಂದು ಮಿತಿಯೂ ಇದೆ: ವಿಳಾಸದ ನಿಯಮ ಸಾಮಾನ್ಯವಾಗಿ ಬಳಕೆದಾರನ ಪಾತ್ರವನ್ನು ನೋಡುತ್ತದೆ, ದತ್ತಾಂಶದ ಒಡೆತನವನ್ನಲ್ಲ. ಗ್ರಾಹಕನೊಬ್ಬ ಖಾತೆ ಸಂಖ್ಯೆ ಬದಲಿಸಿ ಬೇರೆಯವರ ಖಾತೆ ಕೇಳಿದರೂ ಅವನ ಪಾತ್ರ ‘ಗ್ರಾಹಕ’ವೇ. ಕೇಳಿದವನನ್ನು ಖಾತೆಯ ಒಡೆಯನೊಂದಿಗೆ ಹೋಲಿಸುವ ತಪಾಸಣೆ ಮೆಥಡ್ ಮಟ್ಟದಲ್ಲೋ ಡೇಟಾಬೇಸ್ ಕ್ವೆರಿಯಲ್ಲೋ ಇರಲೇಬೇಕು. ವೆಬ್ ತಂತ್ರಾಂಶದ ಪ್ರಮುಖ ಅಪಾಯಗಳನ್ನು ಹೆಸರಿಸುವ ಓವಾಸ್ಪ್‌ನ 2021ರ ಪಟ್ಟಿಯಲ್ಲಿ ಇಂಥ ಪ್ರವೇಶ ನಿಯಂತ್ರಣದ ವೈಫಲ್ಯ ಮೊದಲ ಸ್ಥಾನಕ್ಕೇರಿತು.

ಆದ್ದರಿಂದ ವೆಬ್ ಮತ್ತು ಮೆಥಡ್, ಎರಡೂ ಪದರಗಳ ಕಾವಲು ಬೇಕು. ಜೊತೆಗೆ ಯಾವ ನಿಯಮಕ್ಕೂ ಸಿಗದ ಕೋರಿಕೆಯನ್ನು ನಿರಾಕರಿಸುವ ಸಾಲು ನಿಯಮಪಟ್ಟಿಯ ಕೊನೆಯಲ್ಲಿರಬೇಕು. ಆ ಸಾಲಿಲ್ಲದ ಪಟ್ಟಿ ಎಷ್ಟೇ ಉದ್ದವಿದ್ದರೂ ಅಪೂರ್ಣ.