ಮಳೆಯ ಲೆಕ್ಕ, ರಾಜಕಾಲುವೆಯ ಲೆಕ್ಕ

2017ರ ಅಕ್ಟೋಬರ್ 13ರ ರಾತ್ರಿ ರಾಜಾಜಿನಗರದ ಮಗ್ಗುಲಿನ ಕುರುಬರಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ ಒಬ್ಬ ಅರ್ಚಕರೂ ತಾಯಿ-ಮಗಳಿಬ್ಬರೂ ಕೊಚ್ಚಿಹೋದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಅದೇ ವರ್ಷದ ಮೇ ತಿಂಗಳಲ್ಲಿ ಅದೇ ಕಾಲುವೆ ಒಬ್ಬ ಕಾರ್ಮಿಕನನ್ನು ಬಲಿ ತೆಗೆದುಕೊಂಡಿತ್ತು. ಮಳೆಯನ್ನು ಅಳೆಯುವವರು ನಮ್ಮಲ್ಲಿ ಇರಲಿಲ್ಲವೇ? ಇದ್ದರು. ಅವರ ಚರಿತ್ರೆಯೇ ಈ ಪ್ರಶ್ನೆಗೆ ಅರ್ಧ ಉತ್ತರ.

ಕರ್ನಾಟಕ ಸರ್ಕಾರವು 1988ರಲ್ಲಿ ಬರಗಾಲವನ್ನು ಗಮನಿಸಲೆಂದು ಒಂದು ಘಟಕವನ್ನು ಆರಂಭಿಸಿತು. ದೇಶದಲ್ಲಿ ಅಂಥದು ಅದೇ ಮೊದಲು. ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆಳೆದುಬಂದದ್ದು ಅದರಿಂದಲೇ. ಬರದ ಲೆಕ್ಕಕ್ಕೆ ವಾರವೇ ಅಳತೆ. ನಗರದ ನೆರೆಗಾದರೋ ಅರ್ಧ ಗಂಟೆಯೇ ದೀರ್ಘಕಾಲ.

ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಅದು ‘ಭಾರಿ ಮಳೆ’. ಅಷ್ಟೇ ನೀರು ದಿನವಿಡೀ ಜಿನುಗಿದರೆ ಬಸವೇಶ್ವರನಗರದವರು ಕೊಡೆ ಹಿಡಿದು ಮಾರುಕಟ್ಟೆಗೆ ಹೋಗಿಬರುತ್ತಾರೆ. ಒಂದೇ ಗಂಟೆಯಲ್ಲಿ ಸುರಿದರೆ, ಮಣ್ಣೇ ಕಾಣದ ಈ ಇಳಿಜಾರಿನ ನೀರೆಲ್ಲ ವೃಷಭಾವತಿಯ ಕಾಲುವೆಗಳಿಗೆ ನುಗ್ಗುತ್ತದೆ. ಎರಡಕ್ಕೂ ಹೆಸರು ಒಂದೇ! ‘ಭಾರಿ ಮಳೆಯ ಸಂಭವ’ ಎಂಬ ಸಂದೇಶ ಕೈಸೇರಿದ ಅಧಿಕಾರಿ ಪಂಪನ್ನು, ಆಳುಗಳನ್ನು ಯಾವ ಬೀದಿಗೆ ಕಳುಹಿಸಬೇಕು? ಬೀದಿಯ ಹೆಸರನ್ನು ವಿಜ್ಞಾನಿ ಖಚಿತವಾಗಿ ಹೇಳಲಾರ. ಹೆಸರಿಲ್ಲದೆ ಅಧಿಕಾರಿ ಜನರನ್ನು ಎಬ್ಬಿಸಲಾರ. ಎರಡು ಸಲ ಸುಳ್ಳಾದ ಎಚ್ಚರಿಕೆಗೆ ಮೂರನೆಯ ಸಲ ಯಾರು ಬಾಗಿಲು ತೆರೆದಾರು? ಇಲ್ಲಿ ಯಾರನ್ನೂ ಅಪ್ರಾಮಾಣಿಕರೆಂದು ದೂರುವುದು ನ್ಯಾಯವಲ್ಲ.

ಇದು ನಮ್ಮೊಬ್ಬರ ಪಾಡೂ ಅಲ್ಲ. 2021ರ ಜುಲೈಯಲ್ಲಿ ಜರ್ಮನಿಯ ಆರ್ ಕಣಿವೆಯಲ್ಲಿ ಒಂದೇ ರಾತ್ರಿಯ ನೆರೆಗೆ 130ಕ್ಕೂ ಹೆಚ್ಚು ಜನ ಸತ್ತರು. ಆ ಸೀಮೆಗೆ ನೆರೆಯ ಅಪಾಯವಿದೆಯೆಂದು ಯುರೋಪಿನ ಮುನ್ಸೂಚನಾ ವ್ಯವಸ್ಥೆ ಕೆಲವು ದಿನಗಳ ಮೊದಲೇ ತಿಳಿಸಿತ್ತು.

ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಪಿ. ಪಿ. ಮುಜುಂದಾರ್ ಅವರ ತಂಡವೂ ಉಸ್ತುವಾರಿ ಕೇಂದ್ರವೂ ಕೂಡಿ ಈ ಅಂತರವನ್ನು ತುಂಬಲು ಶ್ರಮಿಸಿದವು. ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳನ್ನು ಇಟ್ಟರು. ‘ಬೆಂಗಳೂರು ಮೇಘ ಸಂದೇಶ’ ಎಂಬ ಮೊಬೈಲ್ ಆ್ಯಪ್ ಹೊರಬಂದಿತು. ಆಕಾಶದ ಮಿಲಿಮೀಟರಿಗಿಂತ ಸೇತುವೆಯ ಕೆಳಗಿನ ಅಡಿಗಳ ಲೆಕ್ಕ ಅಧಿಕಾರಿಗೆ ಬೇಗ ಅರ್ಥವಾಗುತ್ತದೆಂಬುದು ನನ್ನ ಎಣಿಕೆ.

2025ರಲ್ಲಿ ಮಹಾನಗರ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ವೃಷಭಾವತಿಯ ಕಣಿವೆ ಒಂದೇ ಪಾಲಿಕೆಯೊಳಗೆ ಮುಗಿಯುವುದಿಲ್ಲ. ಮೇಲೆ ಕಂಡ ನೀರಿನ ಮಟ್ಟದ ಸುದ್ದಿ ಈಗ ಒಂದು ಕಚೇರಿಯಿಂದ ಮತ್ತೊಂದಕ್ಕೆ ದಾಟಬೇಕು. ನೀರು ಮಾತ್ರ ಮೈಸೂರು ರಸ್ತೆಯ ಮಗ್ಗುಲಲ್ಲೇ ಇಳಿದು ಕೆಂಗೇರಿಯನ್ನು ದಾಟಿ ಬೈರಮಂಗಲದ ಕೆರೆಗೆ ಹರಿಯುತ್ತದೆ.